ಹಳದಿ ಗುರುತಿನ ಸ್ಪ್ರಿಂಗು

ಕಾನಹೊಸಹಳ್ಳಿ
14 ಅಕ್ಟೋಬರ್ 2024

ಮೌನೇಶಪ್ಪ ಮೇಸ್ತ್ರಿಯವರಿಗೆ ಪುಷ್ಪಲತಾಳ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಕೊಟ್ಟೂರಿನಲ್ಲಿ ನಮ್ಮ ಟ್ರಾಲಿ ಕಟ್ಟಿಕೊಟ್ಟವರು ನಿಮ್ಮ ವಿಳಾಸ ಕೊಟ್ಟರು. "ಹರಪನಹಳ್ಳ್ಯಾಗ ಸ್ಪ್ರಿಂಗಿನ ಮೇಸ್ತ್ರಿ ಅದಾರ. ಕಿವಿ ಕೇಳಂಗಿಲ್ಲ, ಫೋನ್ ಹಚ್ಚಬ್ಯಾಡ್ರಿ. ಕಾಗದ ಬರದ್ರ ಮರುದಿನಾನ ಉತ್ತರ ಬರೀತಾರ" ಎಂದರು. ಅದಕ್ಕೇ ಈ ಕಾಗದ.

ನಮ್ಮದು ಕುರಿ ಸಾಕುವ ಮನೆತನ. ಮೂರು ಮನೆಯ ನಾನೂರು ಕುರಿ ಒಂದೇ ಹಿಂಡು. ಪ್ರತಿ ವರ್ಷ ದೀಪಾವಳಿ ಪಾಡ್ಯ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿಯ ಹೊಳೆ ಕಡೆ ಹೋಗುತ್ತೇವೆ. ಹುಟ್ಟಿ ವಾರವಾಗದ ಮರಿಗಳು ಅಷ್ಟು ದೂರ ನಡೆಯಲಾರವು. ಮೊದಲು ಅವನ್ನು ಕುದುರೆಯ ಮೇಲೆ ಹೇರುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಹಳೆಯ ಎಸ್‌ಯುವಿ ಕೊಂಡು ಅದಕ್ಕೆ ಟ್ರಾಲಿ ಕಟ್ಟಿಸಿದೆವು. ಮರಿಗಳು ಟ್ರಾಲಿಯಲ್ಲಿ; ಕುರಿ ದೊಡ್ಡಿಯ ಬಲೆ, ಪಾತ್ರೆ, ಜೋಳದ ಚೀಲ ಗಾಡಿಯ ಹಿಂಭಾಗದಲ್ಲಿ. ಸಂಜೆಯೊಳಗೆ ತಾಯಿ ಕುರಿ ಇದ್ದಲ್ಲಿಗೆ ಮರಿ ಮುಟ್ಟಿಸಿ ಹಾಲು ಕುಡಿಸಬೇಕು.

ಹೋದ ತಿಂಗಳು ಕೂಡ್ಲಿಗಿಯ ಕಡೆಯಿಂದ ಬರುವಾಗ ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ಕೂತುಬಿಟ್ಟಿತು. ಹೆಡ್‌ಲೈಟು ಬೇವಿನ ಮರದ ತುದಿಗೆ ಬೀಳುತ್ತಿತ್ತು. ಸ್ಟೇರಿಂಗ್ ಕೈಯಲ್ಲಿ ಹಗುರಾಗಿ, ತಿರುಗಿಸಿದರೂ ಗಾಡಿ ತಿರುಗಲೋ ಬೇಡವೋ ಎನ್ನುವ ಹಾಗೆ ಆಯಿತು. ಟ್ರಾಲಿ ಬೀಸಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಒಂದು ಮರಿಯ ಕಾಲು ಮುರಿಯಿತು.

ನಮ್ಮ ದೊಡ್ಡಮಾವ ಪಾಲಾಕ್ಷಪ್ಪನವರೇ ಹಿಂಡಿನ ಹಿರಿಯರು. ಅವರು, "ಪಾಡ್ಯೆದೊಳಗ ಸರಿ ಆದ್ರ ಆತು, ಇಲ್ಲಂದ್ರ ಗಾಡಿ ಮಾರೂದ. ಮರಿ ಕುದುರಿ ಮ್ಯಾಲ ಬರ್ತಾವ, ಹೆಣ್ಮಕ್ಳು ಊರಾಗ ಇರ್ಲಿ" ಎಂದುಬಿಟ್ಟಿದ್ದಾರೆ. ಅಲ್ಲಿಯವರೆಗೆ ಗಾಡಿ ಊರು ದಾಟುವ ಹಾಗಿಲ್ಲ. ಬಿಚ್ಚಿ ಹಾಕುವುದಕ್ಕೆ ಇಲ್ಲಿ ಗ್ಯಾರೇಜಿನ ಓಬಳೇಶಪ್ಪ ಇದ್ದಾರೆ, ಆದರೆ ಯಾವುದು ಹಾಕಬೇಕೆಂದು ಅವರಿಗೂ ತಿಳಿಯದು. ಗಾಡಿಯ ಮಾಡೆಲ್ಲು ಕಾಗದದ ಬೆನ್ನಿಗೆ ಬರೆದಿದ್ದೇನೆ. ಈ ಗಾಡಿ ನನಗೆ ಉಳಿಯಲೇಬೇಕು. ಒಂದು ದಾರಿ ಹೇಳಿ.

ಪುಷ್ಪಲತಾ

*

ಹರಪನಹಳ್ಳಿ
17 ಅಕ್ಟೋಬರ್ 2024

ತಂಗಿ ಪುಷ್ಪಲತಾ,

ನೀನು ಬರೆದದ್ದು ಮೂರು ಪುಟ, ನನ್ನ ಉಪಯೋಗಕ್ಕೆ ಬಂದದ್ದು ಮೂರು ಸಾಲು. ಬೇವಿನ ಮರ ಎಲ್ಲ ಯಾಕವ್ವ? ಗಾಡಿ ಎಷ್ಟು ಕೂರುತ್ತದೆ? ಅದನ್ನೇ ಬರೆದಿಲ್ಲ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಭಾರ ಹೊರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರು ಭಾರ ಹೊರುವುದಿಲ್ಲ, ಸ್ಪ್ರಿಂಗು ಕುಣಿಯದ ಹಾಗೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಊರೆಲ್ಲ ಗಾಡಿ ಕೂತಿತು ಅಂದಕೂಡಲೇ ಶಾಕ್ ಬದಲಿಸುತ್ತಾರೆ, ಆಮೇಲೆ ಮೇಸ್ತ್ರಿಗೆ ಬೈಯುತ್ತಾರೆ.

ಗಾಡಿ ಸಮನೆಲದಲ್ಲಿ ನಿಲ್ಲಿಸು. ಹಿಂದಿನ ಚಕ್ರದ ನಡುವಿನಿಂದ ನೇರ ಮೇಲೆ ಮಡ್ಗಾರ್ಡಿನ ಅಂಚಿನ ತನಕ ಎಷ್ಟಿದೆ, ಖಾಲಿ ಇದ್ದಾಗ ಒಂದು ಸಲ, ಟ್ರಾಲಿ ಸಿಕ್ಕಿಸಿ ಎಲ್ಲ ಹೇರಿದ ಮೇಲೆ ಒಂದು ಸಲ ಅಳೆ. ಆಮೇಲೆ ಕೆಳಗೆ ತೂರಿ ಸ್ಪ್ರಿಂಗು ನೋಡು. ಎಷ್ಟು ಸುತ್ತು, ಸರಳು ಎಷ್ಟು ದಪ್ಪ, ಮುಖ್ಯವಾಗಿ ಅದರ ಮೇಲೆ ಯಾವ ಬಣ್ಣದ ಚುಕ್ಕೆ ಇದೆ. ಆ ಗಾಡಿಗೆ ಮೂರು ಥರದ ಸ್ಪ್ರಿಂಗು ಬರುತ್ತವೆ, ಗುರುತೆಲ್ಲ ಬಣ್ಣದಲ್ಲೇ. ಶಾಕಿನಿಂದ ಎಣ್ಣೆ ಸೋರಿದೆಯೋ ನೋಡು. ಗಾಡಿಯ ಹಿಂಭಾಗ ಒತ್ತಿ ಬಿಟ್ಟರೆ ಎಷ್ಟು ಸಲ ಕುಣಿಯುತ್ತದೆ ಎಣಿಸು. ಫೋಟೊ ಕಳಿಸಬೇಡ, ನೋಡುವ ಫೋನು ನನ್ನಲ್ಲಿಲ್ಲ.

ನಿಮ್ಮ ಡ್ರೈವರಿಗೂ ಒಂದು ಮಾತು. ಇಳಿಜಾರಿನಲ್ಲಿ ಅಷ್ಟು ವೇಗ ಯಾಕೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೌನೇಶಪ್ಪ

*

ಕಾನಹೊಸಹಳ್ಳಿ
20 ಅಕ್ಟೋಬರ್ 2024

ಮೇಸ್ತ್ರಿಯವರಿಗೆ,

ನಮ್ಮ ಡ್ರೈವರು ನಿಮ್ಮ ಗಾದೆ ಓದಿ ಸಿಟ್ಟಾಗಿದ್ದಾರೆ. ವೇಗ ಮೂವತ್ತು ದಾಟಿರಲಿಲ್ಲವಂತೆ.

ಅಳೆದೆ. ಖಾಲಿ ಇದ್ದಾಗ ಐವತ್ತೊಂದು ಸೆಂಟಿಮೀಟರು. ನಲವತ್ತು ಮರಿ, ಬಲೆ, ಪಾತ್ರೆ, ಎರಡು ಚೀಲ ಜೋಳ ಹೇರಿದ ಮೇಲೆ ನಲವತ್ತು. ಹನ್ನೊಂದು ಸೆಂಟಿಮೀಟರು ಕೂರುತ್ತದೆ. ಬಲಗಡೆಯ ಶಾಕ್ ಎಣ್ಣೆಯಲ್ಲಿ ನೆನೆದಿದೆ, ಧೂಳು ಮೆತ್ತಿಕೊಂಡಿದೆ. ಒತ್ತಿ ಬಿಟ್ಟರೆ ನಾಲ್ಕು ಸಲ ಕುಣಿಯುತ್ತದೆ. ಸ್ಪ್ರಿಂಗಿಗೆ ಏಳು ಸುತ್ತು. ದಪ್ಪ ಹೆಬ್ಬೆರಳಿನಷ್ಟಿರಬೇಕು, ಮಣ್ಣು ಮೆತ್ತಿಕೊಂಡಿದ್ದರಿಂದ ಟೇಪು ಸರಿಯಾಗಿ ಹಿಡಿಯಲಾಗಲಿಲ್ಲ. ಬಣ್ಣ ಮಾತ್ರ ಚೆನ್ನಾಗಿ ಕಂಡಿತು: ಎರಡಕ್ಕೂ ಹಳದಿ.

ಗಾಡಿಯ ಕೆಳಗೆ ಬೆನ್ನ ಮೇಲೆ ಮಲಗಿದ್ದಾಗ ದೊಡ್ಡಮಾವ ಬಂದು ನನ್ನ ಕಾಲು ನೋಡಿದರಂತೆ. "ಯಾರದು ಒಳಗ?" ಎಂದು ಕೇಳಿದರು. ನಾನೆಂದು ಹೇಳಿದೆ. ಟೈರಿಗೆ ಒಮ್ಮೆ ಕೋಲು ತಟ್ಟಿ ಹೊರಟುಹೋದರು. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಬೇಗ ಬರೆಯಿರಿ. ಪಾಡ್ಯಕ್ಕೆ ಹದಿಮೂರೇ ದಿನ.

ಪುಷ್ಪಲತಾ

*

ಹರಪನಹಳ್ಳಿ
22 ಅಕ್ಟೋಬರ್ 2024

ತಂಗಿ,

ಹಳದಿ ಅಂದಮೇಲೆ ಮಾತೇ ಮುಗಿಯಿತು. ಮೂರರಲ್ಲಿ ಅದೇ ಗಟ್ಟಿ, ಅದರ ಮೇಲೆ ಇನ್ನೊಂದಿಲ್ಲ. ಅಂದರೆ ನಿಮ್ಮ ಸ್ಪ್ರಿಂಗು ಸರಿಯಾಗಿಯೇ ಇದೆ, ನೀವು ಹೇರುವುದು ಅತಿಯಾಗಿದೆ. ಶಾಕ್ ಎರಡೂ ಸತ್ತಿವೆ, ಅದಕ್ಕೇ ಟ್ರಾಲಿ ಬೀಸಿದ್ದು. ಹೊಸ ಜೋಡಿ ಈ ಹೊತ್ತಿನ ಬಸ್ಸಿಗೇ ಹಾಕಿದ್ದೇನೆ, ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಿ. ಜೋಳದ ಚೀಲ ತೆಗೆದುಹಾಕಿ, ಮರಿಗಳನ್ನು ಎರಡು ಸರದಿಯಲ್ಲಿ ಒಯ್ಯಿರಿ.

ಡ್ರೈವರು ಸಿಟ್ಟಾದರೆ ಆಗಲಿ.

ಮೌನೇಶಪ್ಪ

*

ಕಾನಹೊಸಹಳ್ಳಿ
26 ಅಕ್ಟೋಬರ್ 2024

ಮೇಸ್ತ್ರಿಯವರೇ,

ಶಾಕ್ ಹಾಕಿಸಿದೆ. ಕುಣಿತ ನಿಂತಿತು, ಒಂದೇ ಸಲಕ್ಕೆ ಸುಮ್ಮನಾಗುತ್ತದೆ. ಆದರೆ ಕೂರುವುದು? ಹೇಗೆ ಕೂರುತ್ತಿತ್ತೋ ಹಾಗೆಯೇ ಕೂರುತ್ತದೆ. ಜೋಳದ ಚೀಲ ತೆಗೆದು ಅಳೆದರೂ ನಲವತ್ತೆರಡು. ಓಬಳೇಶಪ್ಪ ತಲೆ ಕೆರೆದುಕೊಂಡು, "ಗಟ್ಟಿ ಸ್ಪ್ರಿಂಗ್ ಅಂದ್ರ ಹಿಂಗ ಕುಂದ್ರಂಗಿಲ್ಲ ಬಿಡವಾ" ಎಂದರು. ಗ್ಯಾರೇಜಿನವರಿಗೆ ತಿಳಿದದ್ದು ನಿಮಗೆ ತಿಳಿಯಲಿಲ್ಲವೇ? ಎರಡು ಸರದಿ ಎಂದು ಸುಲಭವಾಗಿ ಬರೆದಿರಿ. ಎರಡನೇ ಸರದಿಯ ಮರಿ ಬರುವಷ್ಟರಲ್ಲಿ ತಾಯಿಯ ಕೆಚ್ಚಲು ಕಲ್ಲಾಗಿರುತ್ತದೆ, ಮರಿ ನಿತ್ರಾಣವಾಗಿರುತ್ತದೆ. ನಿಮಗೆ ಕಬ್ಬಿಣ ಗೊತ್ತು, ಕುರಿ ಗೊತ್ತಿಲ್ಲ.

ಇವತ್ತು ನನ್ನ ಮೈದುನ ಕೊಟ್ರಸ್ವಾಮಿ ಕೊಟ್ಟೂರಿನ ಗಾಡಿ ವ್ಯಾಪಾರಿ ಗುರುಸಂಗಪ್ಪನವರನ್ನು ಕರೆದುಕೊಂಡು ಬಂದಿದ್ದ. ಅವರು ಗಾಡಿಯನ್ನು ಎರಡು ಸುತ್ತು ಹಾಕಿ, ಬಾಗಿಲು ತೆಗೆದು ಮುಚ್ಚಿ ನೋಡಿದರು. ನಾಡಿದ್ದು ಮತ್ತೆ ಬರುತ್ತಾರಂತೆ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಎಷ್ಟು ಬಡಿದೆ ಎಂದರೆ ಎಲ್ಲ ಹರಿದುಹೋದವು.

ನಲವತ್ತು ವರ್ಷ ಕೈ ಪಳಗಿದ ಮೇಸ್ತ್ರಿ ಎಂದು ನಂಬಿ ಬರೆದೆ. ಏನು ಪ್ರಯೋಜನವಾಯಿತು?

ಪುಷ್ಪಲತಾ

*

ಹರಪನಹಳ್ಳಿ
28 ಅಕ್ಟೋಬರ್ 2024

ಪುಷ್ಪಲತಾ ಅವರಿಗೆ,

ನಿಮ್ಮ ಕಾಗದ ಮೂರು ಸಲ ಓದಿದೆ. ಸಿಟ್ಟು ಬಂತು. ಆಮೇಲೆ ನೀವು ಬರೆದದ್ದರಲ್ಲಿ ಸುಳ್ಳೇನೂ ಕಾಣಲಿಲ್ಲ.

ನಾನು ಲಾರಿಯ ಪಟ್ಟಿ ಸ್ಪ್ರಿಂಗಿನವನು. ಪಟ್ಟಿಗೆ ಸುತ್ತಿಗೆಯಿಂದ ಬಡಿದರೆ ಅದರ ನಾದದಲ್ಲೇ ಎಲ್ಲಿ ಸೀಳಿದೆ ಹೇಳುತ್ತಿದ್ದೆ. ಹತ್ತು ವರ್ಷದ ಹಿಂದೆ ಕಿವಿ ಹೋಯಿತು, ಆ ಬಡಿತದಿಂದಲೇ ಹೋಯಿತು. ಸುರುಳಿ ಸ್ಪ್ರಿಂಗಿನ ಕೆಲಸವನ್ನು ಆಮೇಲೆ ಪುಸ್ತಕ ನೋಡಿ ಕಲಿತವನು ನಾನು. ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ದೊಡ್ಡಸ್ತಿಕೆ.

ಹಳದಿ ಗುರುತಿನ ಸ್ಪ್ರಿಂಗು ಅಷ್ಟು ಭಾರಕ್ಕೆ ಹನ್ನೊಂದು ಸೆಂಟಿಮೀಟರು ಕೂರಬಾರದು. ಯಾಕೆ ಕೂರುತ್ತಿದೆ ಎಂದು ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡರೂ ಹೊಳೆಯುತ್ತಿಲ್ಲ. ನನ್ನ ಮಾತು ನಂಬಿ ಜನ ಮಕ್ಕಳುಮರಿ ಕೂರಿಸಿಕೊಂಡು ಗಾಡಿ ಓಡಿಸುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತು ಅನ್ನುವವನು ಈ ಕೆಲಸದಲ್ಲಿ ಇರಬಾರದು. ಇವತ್ತು ಅಂಗಡಿಯ ಬೋರ್ಡು ಇಳಿಸಿದ್ದೇನೆ. ನೀವು ಹೊಸಪೇಟೆಯಲ್ಲಿ ಯಾರನ್ನಾದರೂ ವಿಚಾರಿಸಿ.

ಮೌನೇಶಪ್ಪ

*

ಕಾನಹೊಸಹಳ್ಳಿ
30 ಅಕ್ಟೋಬರ್ 2024

ಕಾಕಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಹರಪನಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ನಿಮ್ಮ ಕೈಗೇ ಮುಟ್ಟಿಸಬೇಕೆಂದು ಆಣೆ ಹಾಕಿಸಿದ್ದೇನೆ. ಬೋರ್ಡು ಮತ್ತೆ ಏರಿಸಿ. ತಪ್ಪು ನನ್ನದು.

ಇಪ್ಪತ್ತೇಳನೇ ತಾರೀಖು ಗುರುಸಂಗಪ್ಪನವರಿಗೆ ತೋರಿಸಲೆಂದು ಗಾಡಿ ತೊಳೆಯಲು ಹೇಳಿದರು. ಹಿಂದಿನ ಚಕ್ರದ ಒಳಕ್ಕೆ ಒಂದು ಕೊಡ ನೀರು ಎರಚಿದೆ. ಹಳದಿ ನೀರು ಇಳಿದು ಬಂತು. ಕೈ ಹಾಕಿ ಉಜ್ಜಿದರೆ ಸ್ಪ್ರಿಂಗಿನ ಹಳದಿಯೆಲ್ಲ ನನ್ನ ಅಂಗೈಯಲ್ಲಿ. ಮೂಸಿ ನೋಡಿದೆ. ಭಂಡಾರ! ನಮ್ಮ ಬೀರಪ್ಪನ ಗುಡಿಯ ಅರಿಶಿನದ ಪುಡಿ.

ನಮ್ಮ ಅತ್ತೆ ದ್ಯಾಮಕ್ಕನನ್ನು ಕೇಳಿದೆ. ಆಯುಧಪೂಜೆಯ ದಿನ ಎಲ್ಲರೂ ಬಾನೆಟ್ಟಿಗೆ ಭಂಡಾರ ಹಚ್ಚಿ ಕೈಮುಗಿದರೆ, ಅವರು ಎಣ್ಣೆಯಲ್ಲಿ ಕಲಸಿಕೊಂಡು ಗಾಡಿಯ ಕೆಳಗೆ ಕೈ ತೂರಿಸಿ ಎರಡೂ ಸ್ಪ್ರಿಂಗಿಗೆ ಮೆತ್ತಿದ್ದಾರೆ. "ಭಾರ ಹೊರೂದು ಅದ ಅಲ್ಲೇನು? ಅದಕ್ಕ ಹಚ್ಚದ ಮತ್ಯಾವುದಕ್ಕ ಹಚ್ಚಲಿ?" ಎಂದು ನನ್ನನ್ನೇ ಕೇಳಿದರು.

ಪೂರ್ತಿ ತೊಳೆದ ಮೇಲೆ ಕೆಳಗಿನ ಸುತ್ತಿನಲ್ಲಿ ಮಾಸಿದ ಬಿಳಿ ಚುಕ್ಕೆ ಕಂಡಿತು. ಮೂರು ದಿನದಿಂದ ನನಗಿದು ಗೊತ್ತು. ಬರೆಯಲಿಲ್ಲ. ಅರಿಶಿನಕ್ಕೂ ಪೇಂಟಿಗೂ ವ್ಯತ್ಯಾಸ ಗೊತ್ತಿಲ್ಲದವಳು ಎಂದು ಗೊತ್ತಾದರೆ ಮನೆಯಲ್ಲಿ ನಗುತ್ತಾರೆ, ಗಾಡಿ ಹೋದಂತೆಯೇ ಎಂದು ಹೆದರಿದೆ. ತಪ್ಪು ನಿಮ್ಮ ತಲೆಯ ಮೇಲೇ ಇರಲಿ ಎಂದು ಬಿಟ್ಟೆ. ಇವತ್ತು ನಿಮ್ಮ ಕಾಗದ ಬಂದಾಗಿನಿಂದ ಊಟ ಸೇರುತ್ತಿಲ್ಲ.

ಈಗ ಸರಿಯಾಗಿ ಅಳೆದಿದ್ದೇನೆ. ಓಬಳೇಶಪ್ಪನ ಅಳತೆ ಸಾಧನದಲ್ಲಿ ಸರಳು ಹದಿಮೂರು ಮಿಲಿಮೀಟರು. ಇನ್ನೊಂದು ವಿಷಯವನ್ನೂ ಕಂಡುಕೊಂಡೆ. ಜೋಳ ತೂಗುವ ಯಂತ್ರವನ್ನು, ಟ್ರಾಲಿಯನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯ ಕೆಳಗಿಟ್ಟೆವು. ಮರಿ ಹೇರಿದಾಗ ಎಂಬತ್ತು ಕಿಲೋ. ಅತ್ತ ಮುಂದುಗಡೆ ತಾಯಿ ಕುರಿಗಳು ಕೂಗಿದ ಕೂಡಲೇ ನೂರ ಐವತ್ತು! ಹಿಂಡು ಯಾವಾಗಲೂ ನಮ್ಮ ಮುಂದಿರುತ್ತದೆ. ತಾಯಿಯ ದನಿ ಕೇಳಿದರೆ ನಲವತ್ತು ಮರಿಯೂ ಟ್ರಾಲಿಯ ಮುಂತುದಿಗೆ ನುಗ್ಗುತ್ತವೆ, ಅಷ್ಟೂ ಭಾರ ಕೊಂಡಿಯ ಮೇಲೆ. ಟ್ರಾಲಿಯೊಳಗೆ ಬಲೆ ಕಟ್ಟಿ ಮೂರು ಭಾಗ ಮಾಡಿದರೆ ಆದೀತೇ?

ಪಾಡ್ಯಕ್ಕೆ ಮೂರು ದಿನ, ಹಿಂಡು ಹೊರಡುವುದು ಐದನೇ ತಾರೀಖು. ಗುರುಸಂಗಪ್ಪನವರಿಗೆ ದೊಡ್ಡಮಾವ ಪಾಡ್ಯ ಕಳೆದ ಮರುದಿನ ಮಾತು ಕೊಡುವುದಾಗಿ ಹೇಳಿದ್ದಾರೆ. ನನ್ನ ಮೇಲೆ ಸಿಟ್ಟಿದ್ದರೆ ಇಟ್ಟುಕೊಳ್ಳಿ, ಸ್ಪ್ರಿಂಗು ಕಳಿಸಿ.

ಪುಷ್ಪಲತಾ

*

ಹರಪನಹಳ್ಳಿ
2 ನವೆಂಬರ್ 2024, ಪಾಡ್ಯ

ತಂಗಿ,

ಕಾಗದ ಓದಿ ಒಬ್ಬನೇ ಗಟ್ಟಿಯಾಗಿ ನಕ್ಕೆನಂತೆ. ಕಿವುಡನಿಗೆ ತನ್ನ ನಗು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ, ಪಕ್ಕದ ಅಂಗಡಿಯವರು ಓಡಿ ಬಂದರು. ನೀನು ಮೂರು ದಿನ ಬಾಯಿ ಮುಚ್ಚಿಕೊಂಡದ್ದಕ್ಕೆ ಸಿಟ್ಟಿದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ತಪ್ಪೂ ಇದೆ. ಕಣ್ಣಿಗೆ ಕಂಡ ಬಣ್ಣ ನಂಬಿದೆ, ಕೈಗೆ ಸಿಗುವ ದಪ್ಪವನ್ನು ಮತ್ತೊಮ್ಮೆ ಕೇಳಲಿಲ್ಲ. ಪುಸ್ತಕದಲ್ಲಿ ಭಂಡಾರದ ಮಾತಿಲ್ಲ.

ಬಿಳಿ ಚುಕ್ಕೆ ಅಂದರೆ ಮೂರರಲ್ಲಿ ಮೆತ್ತಗಿನದು, ಊರೊಳಗೆ ಓಡಾಡುವವರಿಗೆ. ನಿನ್ನೆ ದಾವಣಗೆರೆಗೆ ಹೋಗಿ ನಡುವಿನದನ್ನು ತಂದೆ. ಹದಿನೈದು ಮಿಲಿಮೀಟರು. ಹಬ್ಬದ ದಿನ ಅಂಗಡಿ ತೆಗೆಸಿದ್ದಕ್ಕೆ ಬೈಸಿಕೊಂಡೆ, ಅಂಗಡಿಯವನ ಬಾಯಿ ಆಡುವುದು ನೋಡಿದೆ, ನನಗೆ ಕೇಳಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಯಾಕೆ ತರಲಿಲ್ಲ ಎಂದು ಕೇಳಬೇಡ. ಮರಿ ಇಳಿಸಿದ ಮೇಲೆ ನಿಮ್ಮ ಗಾಡಿ ಅರ್ಧ ದಿನ ಖಾಲಿ ಓಡುತ್ತದೆ. ಖಾಲಿ ಗಾಡಿಗೆ ಅತಿ ಗಟ್ಟಿ ಸ್ಪ್ರಿಂಗು ಹಾಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ಹಾರುತ್ತದೆ. ಗಾಡಿ ಮೂರು ಸೆಂಟಿಮೀಟರು ಏರೀತು, ಅಷ್ಟಕ್ಕೆ ಈಗ ಹಾಕಿದ ಶಾಕಿನ ಉದ್ದ ಸಾಕು. ಬಲೆ ಕಟ್ಟುವ ನಿನ್ನ ಯೋಚನೆ ನನ್ನ ಸ್ಪ್ರಿಂಗಿಗಿಂತ ದೊಡ್ಡದು. ಕಟ್ಟು. ಸ್ಪ್ರಿಂಗು ಗಟ್ಟಿಯಾಯಿತೆಂದು ಮರಿ ಹೆಚ್ಚಿಸಬೇಡಿ, ನಲವತ್ತೇ ಕಡೆ. ಎಂಜಿನ್ನು, ಬ್ರೇಕು ಹಳೆಯವೇ.

ಈ ಕಾಗದವನ್ನು ಸ್ಪ್ರಿಂಗಿನ ಚೀಲದಲ್ಲೇ ಇಟ್ಟಿದ್ದೇನೆ. ಇನ್ನೊಂದು. ಡ್ರೈವರು ನೀನೇ ಎಂದು ಮೊದಲನೇ ಕಾಗದದಲ್ಲೇ ಗೊತ್ತಾಗಿತ್ತು. ಸ್ಟೇರಿಂಗ್ ಹಗುರಾಯಿತೆಂದು ಪಕ್ಕದಲ್ಲಿ ಕೂತವರು ಬರೆಯುವುದಿಲ್ಲ. ಬೇಕಂತಲೇ ಗಾದೆ ಹೇಳಿದೆ, ನೀನು ಬಾಯಿ ಬಿಡುತ್ತೀ ಅಂದುಕೊಂಡೆ. ಭಂಡಿ ನೀನು.

ಮೌನೇಶಪ್ಪ

*

ಹಗರಿಬೊಮ್ಮನಹಳ್ಳಿ
11 ನವೆಂಬರ್ 2024

ಕಾಕಾ,

ಸ್ಪ್ರಿಂಗು ಮೂರನೇ ತಾರೀಖೇ ಹಾಕಿಸಿದೆವು. ಗುರುಸಂಗಪ್ಪನವರನ್ನು ದೊಡ್ಡಮಾವ ಚಹಾ ಕುಡಿಸಿ ಕಳಿಸಿಕೊಟ್ಟರು. ಗಾಡಿ ನಮ್ಮದಾಗಿಯೇ ಉಳಿಯಿತು, ನಾನೂ ಹಿಂಡಿನ ಜೊತೆ ಬಂದಿದ್ದೇನೆ.

ಗಾಡಿ ಚೆನ್ನಾಗಿ ಹೋಗುತ್ತಿದೆ. ಹೇರಿದ ಮೇಲೆ ನಲವತ್ತೊಂಬತ್ತು ಸೆಂಟಿಮೀಟರು. ಏರು ಹತ್ತುವಾಗ ಹಿಂದಿನ ಎರಡೂ ದೀಪ ಒಂದೇ ಮಟ್ಟದಲ್ಲಿರುತ್ತವೆ, ಟ್ರಾಲಿ ಗಾಡಿಯ ಬೆನ್ನಿಗೇ ಅಂಟಿದಂತೆ ಹೋಗುತ್ತದೆ. ಧೂಳು ಮಾತ್ರ ಬಹಳ. ಮರಿಗಳೆಲ್ಲ ಕ್ಷೇಮ.

ಇನ್ನು ಒಂದು ವಾರಕ್ಕೆ ಹೂವಿನಹಡಗಲಿ. ಅಲ್ಲಿ ಗಂಗಪ್ಪನವರ ಮಲ್ಲಿಗೆ ತೋಟದ ಪಕ್ಕದ ಹೊಲದಲ್ಲಿ ಕುರಿ ತರುಬಿ ಬೀಡು ಬಿಡುತ್ತೇವೆ. ಬರೆಯುವುದಿದ್ದರೆ ಅವರ ವಿಳಾಸಕ್ಕೆ ಬರೆಯಿರಿ.

ಪುಷ್ಪಲತಾ

*

ಹರಪನಹಳ್ಳಿ
15 ನವೆಂಬರ್ 2024

ತಂಗಿ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಯಾವತ್ತೂ ಬಂದಿರಲಿಲ್ಲ. ಗಾಡಿ ಚೆನ್ನಾಗಿದೆ ಎಂದು ಓದಿ ಮೊದಲು ಹಿಗ್ಗಿದೆ. ಮತ್ತೆ ಓದಿದೆ. ಹಿಂದಿನ ದೀಪ ಬರೆದಿದ್ದೀ, ಧೂಳು ಬರೆದಿದ್ದೀ. ಬ್ರೇಕು, ಗೇರು, ಸ್ಟೇರಿಂಗ್ ಒಂದು ಮಾತೂ ಇಲ್ಲ. ಗಾಡಿ ಓಡಿಸುವವರಿಗೆ ಅದರ ಧೂಳು ಕಾಣುವುದಿಲ್ಲವ್ವ. ನೀನು ಅದರ ಹಿಂದೆ ನಡೆದು ಹೋಗುತ್ತಿದ್ದೀಯಾ?

ಯಾರು ಓಡಿಸುತ್ತಿದ್ದಾರೆ? ನಾನು ಬಂದು ನಿಮ್ಮ ದೊಡ್ಡಮಾವನ ಹತ್ತಿರ ಮಾತಾಡಲೇ? ಕಿವುಡನ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ.

ಮೌನೇಶಪ್ಪ

*

ಹೂವಿನಹಡಗಲಿ
21 ನವೆಂಬರ್ 2024

ಕಾಕಾ,

ನೀವು ಬರಬೇಡಿ. ಎಲ್ಲ ಹೇಳಿಬಿಡುತ್ತೇನೆ.

ಸ್ಪ್ರಿಂಗು ಹಾಕಿದ ದಿನ ದೊಡ್ಡಮಾವನೇ ಗಾಡಿಯ ಹಿಂದೆ ಕೂತು ಊರ ಸುತ್ತ ಒಂದು ಸುತ್ತು ಬಂದರು. ಓಡಿಸಿದ್ದು ನಾನು. ಇಳಿದ ಮೇಲೆ ಬಹಳ ಖುಷಿಯಿಂದ ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಕೊಟ್ರಸ್ವಾಮಿಗೆ ಕೊಟ್ಟರು. "ಈಗ ಗಾಡಿ ಗಾಡಿ ಆತು. ಇನ್ನ ಗಂಡಸರು ಹೊಡೀಲಿ" ಎಂದರು. ಕೆಟ್ಟ ಗಾಡಿ ನನ್ನದು, ಸರಿಯಾದ ಗಾಡಿ ಅವನದು! ನಮ್ಮ ಮನೆಯವರು ಬೀರಲಿಂಗೇಶ್ ನೆಲ ನೋಡುತ್ತ ನಿಂತಿದ್ದರು. ನಾನೂ ಜಗಳ ಮಾಡಲಿಲ್ಲ, ಮಾಡಿದರೆ ಊರಲ್ಲೇ ಬಿಟ್ಟು ಹೋಗುತ್ತಾರೆಂಬ ಭಯ. ಹದಿನಾಲ್ಕು ದಿನ ನಡೆದೆ. ನಿಮಗೆ ಬರೆಯಲು ನಾಚಿಕೆಯಾಯಿತು.

ಮೊನ್ನೆ ಮಧ್ಯಾಹ್ನ ಇಲ್ಲಿಗೆ ಬಂದೆವು. ಹೊಲಕ್ಕೆ ಹೋಗುವುದು ಮಲ್ಲಿಗೆ ಸಾಲುಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ. ಒಳಗೆ ತಿರುಗಿಸುವಷ್ಟು ಜಾಗವಿಲ್ಲ, ರಸ್ತೆಯಿಂದಲೇ ಟ್ರಾಲಿಯನ್ನು ಹಿಂದಕ್ಕೆ ಬಿಟ್ಟುಕೊಂಡು ಹೋಗಬೇಕು. ಹಿಂದಕ್ಕೆ ಬಿಡುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರಾಲಿ ಬಲಕ್ಕೆ ಹೋಗುತ್ತದೆ. ಇದು ಕೊಟ್ರಸ್ವಾಮಿಯ ಕೈಗೆ ಹತ್ತಲಿಲ್ಲ. ಒಂದು ಸಲ ಬದುವಿಗೆ ಗುದ್ದಿದ. ಇನ್ನೊಂದು ಸಲ ಮೂರು ಮಲ್ಲಿಗೆ ಗಿಡ ಚಕ್ರದ ಕೆಳಗೆ ಹೋದವು. ಗಂಗಪ್ಪನವರ ಹೆಂಡತಿ ಹಂಪಕ್ಕ ಓಡಿ ಬಂದು, "ನನ್ನ ಗಿಡ ತುಳಿದ್ರ ಕುರಿ ಅಷ್ಟ ಅಲ್ಲ, ನಿಮ್ಮನ್ನೂ ಒಳಗ ಬಿಡಂಗಿಲ್ಲ" ಎಂದು ದಾರಿಗೆ ಅಡ್ಡ ನಿಂತರು. ಹೊತ್ತು ಇಳಿಯುತ್ತಿತ್ತು. ಆಚೆ ಹೊಲದಲ್ಲಿ ತಾಯಿ ಕುರಿಗಳು, ಈಚೆ ಟ್ರಾಲಿಯಲ್ಲಿ ನಲವತ್ತು ಮರಿ, ಎರಡೂ ಕಡೆಯಿಂದ ಕೂಗು. ಬೆಳಿಗ್ಗೆಯಿಂದ ಮರಿ ಹಾಲು ಕಂಡಿರಲಿಲ್ಲ. ಹೊತ್ತೊಯ್ಯೋಣವೆಂದರೆ ನಮ್ಮ ಜನರೆಲ್ಲ ಹಿಂಡು ತಡೆಯುವುದರಲ್ಲಿದ್ದರು.

ಕಡೆಗೆ ದೊಡ್ಡಮಾವ ನನ್ನ ಕಡೆ ನೋಡಿದರು. "ಪುಷ್ಪಾ, ನೀ ಹತ್ತವಾ" ಎಂದರು.

ಕೊಟ್ರಸ್ವಾಮಿ ಇಳಿದು ಕೀಲಿ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ನಿಂತಲ್ಲೇ ನಿಂತು ಕೇಳಿದೆ, "ಇವತ್ತಿಗಷ್ಟನೋ, ತಿರುಗಿ ಊರು ಮುಟ್ಟೂಮಟನೋ?"

ಟ್ರಾಲಿಯೊಳಗೆ ಮರಿಗಳು ಬಲೆಗೆ ಬಾಯಿ ಹಾಕಿ ಜಗ್ಗುತ್ತಿದ್ದವು. ಹಸಿದ ಮರಿಗಳನ್ನು ಅಡ್ಡ ಇಟ್ಟುಕೊಂಡು ನನ್ನ ಕೆಲಸ ಕೇಳುತ್ತಿದ್ದೇನೆಂದು ನನಗೆ ಗೊತ್ತಿತ್ತು. ಅಸಹ್ಯವಾಯಿತು. ಆದರೂ ಕೀಲಿ ಮುಟ್ಟಲಿಲ್ಲ. ಇನ್ನೊಂದು ಗಳಿಗೆ ಅವರು ಸುಮ್ಮನಿದ್ದಿದ್ದರೆ ನಾನೇ ಸೋತು ಹತ್ತಿಬಿಡುತ್ತಿದ್ದೆ ಕಾಕಾ, ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

"ಊರು ಮುಟ್ಟೂಮಟ" ಎಂದರು ದೊಡ್ಡಮಾವ.

ಹತ್ತಿದೆ. ಒಂದೇ ಸಲಕ್ಕೆ ಟ್ರಾಲಿ ಒಳಗೆ ಹೋಯಿತು, ಒಂದು ಎಲೆಯೂ ಮುರಿಯಲಿಲ್ಲ. ಬಾಗಿಲು ತೆಗೆದದ್ದೇ ಮರಿಗಳು ತಮ್ಮ ತಮ್ಮ ತಾಯಿಯನ್ನು ಹುಡುಕಿಕೊಂಡು ಓಡಿದವು. ಆಮೇಲೆ ಗಾಡಿಯ ಹಿಂದೆ ಹೋಗಿ ಅತ್ತುಬಿಟ್ಟೆ.

ನಾಳೆ ಹೊಳೆಯ ದಂಡೆಗೆ ಹೋಗುತ್ತೇವೆ. ನಮ್ಮ ಮನೆಯವರು ಬಲೆ ಬಿಗಿಯುತ್ತಿದ್ದಾರೆ. ಹಿರಿಯರಿಗೆ ಎದುರಾಡಿದೆನೆಂದು ಅತ್ತೆ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇವತ್ತು ನೀರು ತರಲು ಗಾಡಿ ತೆಗೆದಾಗ ಬಂದು, ನನ್ನ ಕಡೆ ನೋಡದೆ, ಮುಂದಿನ ಸೀಟಿನಲ್ಲಿ ಹತ್ತಿ ಕೂತರು.

ಪುಷ್ಪಲತಾ